ಗುಫೂಲ್ ಪ್ರೈಮರಿ

ವೆಂಕಟಸುಬ್ಬಯ್ಯನವರಿಗೆ ಅಧ್ಯಕ್ಷರಾಗಬೇಕೆಂದು ಆಸೆ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರ ಬಾಯಿಂದ ಈ ಮಾತು ಬರಲಿ ಎಂದು ಕಾದು ಕೂತರೆ ಕತೆ ಮುಗಿಯುವುದಿಲ್ಲ.

ಹಾಗೆ ನೋಡಿದರೆ ಬಹರೈನಿನಲ್ಲಿ ಅವರಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಎಸಿ ಮಾರುವ ಕಂಪೆನಿಯೊಂದರಲ್ಲಿ ಅಕೌಂಟ್ಸ್ ಮ್ಯಾನೇಜರ್ ಕೆಲಸ, ಗುಫೂಲಿನಲ್ಲಿ ಲಿಫ್ಟ್ ಇರುವ ಕಟ್ಟಡದಲ್ಲಿ ಫ್ಲ್ಯಾಟು, ಮಣಿಪಾಲದಲ್ಲಿ ಓದುವ ಮಗಳು, ಖಾಸಗಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿ ರಾಜೀವಿ. ಇಷ್ಟೆಲ್ಲ ಇದ್ದರೂ ಮನುಷ್ಯನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿರುತ್ತದಲ್ಲ, ಇವರ ತಲೆಯ ಹುಳ ದ್ವೀಪ ಕನ್ನಡ ಕೂಟದ ಅಧ್ಯಕ್ಷಗಿರಿ. ಕೂಟಕ್ಕೆ ಅವರು ಮೊದಲು ಖಜಾಂಚಿ, ಆಮೇಲೆ ಕಾರ್ಯದರ್ಶಿ, ಆಮೇಲೆ ಉಪಾಧ್ಯಕ್ಷ, ಮತ್ತೆ ಉಪಾಧ್ಯಕ್ಷ, ಪುನಃ ಉಪಾಧ್ಯಕ್ಷ. ರಾಜ್ಯೋತ್ಸವದ ದಿನ ವೇದಿಕೆಯಲ್ಲಿ ಉಪಾಧ್ಯಕ್ಷರಿಗೂ ಕುರ್ಚಿ ಇರುತ್ತದೆ, ಇಲ್ಲವೆಂದಲ್ಲ. ಆದರೆ ಊರಿನ ಪತ್ರಿಕೆಗೆ ಕಳಿಸುವ ಫೋಟೋದಲ್ಲಿ ಆ ಕುರ್ಚಿಯಲ್ಲಿ ಕೂತವರ ಒಂದು ಕಿವಿ ಮತ್ತು ಶಾಲಿನ ಅಂಚು ಮಾತ್ರ ಬರುತ್ತದೆ. ಪುತ್ತೂರಿನಲ್ಲಿ ಅವರ ಅಣ್ಣ ಆ ಫೋಟೋ ನೋಡಿ ಪ್ರತಿ ವರ್ಷವೂ ಫೋನ್ ಮಾಡಿ ಕೇಳುವುದು ಒಂದೇ ಮಾತು, "ನೀನು ಆ ದಿನ ಹೋಗಿರಲಿಲ್ಲವಾ?"

ಕೂಟದಲ್ಲಿ ಅಧ್ಯಕ್ಷರನ್ನು ಆರಿಸುವ ಕ್ರಮ ಅಲ್ಲಿಯವರೆಗೆ ಬಹಳ ಸುಲಭದ್ದು. ಮಾಜಿ ಅಧ್ಯಕ್ಷರೆಲ್ಲ ಒಂದು ಶುಕ್ರವಾರ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದರು. ಪಾಯಸ ಆದ ಮೇಲೆ ಒಬ್ಬರು ಗಂಟಲು ಸರಿಮಾಡಿಕೊಂಡು ಒಂದು ಹೆಸರು ಹೇಳುವರು, ಉಳಿದವರು "ಅದಕ್ಕೇನಂತೆ" ಎನ್ನುವರು. ಅಲ್ಲಿಗೆ ಖಲ್ಲಾಸ್. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಆ ಹೆಸರನ್ನೇ ಅವಿರೋಧವಾಗಿ ಆರಿಸಿ, ಪ್ರಜಾಪ್ರಭುತ್ವದ ಬಗ್ಗೆ ಒಂದು ಭಾಷಣ ಕೇಳಿ, ಮನೆಗೆ ಹೋಗುತ್ತಿದ್ದರು. ಈ ಲೆಕ್ಕದಲ್ಲಿ ಎರಡು ಸಾವಿರದ ಎಂಟನೇ ಇಸವಿ ವೆಂಕಟಸುಬ್ಬಯ್ಯನವರ ಸರದಿ. ಆಗಿನ ಅಧ್ಯಕ್ಷ ಶ್ಯಾಮಸುಂದರ ಇವರ ಹೆಗಲ ಮೇಲೆ ಕೈಹಾಕಿ, "ಭಟ್ರೇ, ಈ ಸಲ ಇಸ್ತ್ರಿ ಮಾಡಿದ ಪಂಚೆ ಒಂದು ತಯಾರು ಇಟ್ಟುಕೊಳ್ಳಿ ಆಯ್ತಾ" ಎಂದು ಹೇಳಿಯೂ ಆಗಿತ್ತು. ವೆಂಕಟಸುಬ್ಬಯ್ಯನವರು "ಛೆ ಛೆ, ನಮಗೆಂತಕ್ಕೆ ಅದೆಲ್ಲ" ಎಂದು ನಕ್ಕು ಮನೆಗೆ ಬಂದು, ರಾಜೀವಿಯ ಹತ್ತಿರ ಪಂಚೆ ಎಲ್ಲಿದೆ ಎಂದು ವಿಚಾರಿಸಿದ್ದರು.

ಅಷ್ಟರಲ್ಲಿ ಅಮೆರಿಕ ಅಡ್ಡ ಬಂತು.

ಅದು ಅಮೆರಿಕದಲ್ಲಿ ಒಂದೇ ಪಕ್ಷದ ಒಬ್ಬ ಹೆಂಗಸು ಮತ್ತು ಒಬ್ಬ ಗಂಡಸು ರಾಷ್ಟ್ರಾಧ್ಯಕ್ಷರ ಚುನಾವಣೆಗೆ ತನ್ನನ್ನೇ ನಿಲ್ಲಿಸಬೇಕೆಂದು ರಾಜ್ಯದಿಂದ ರಾಜ್ಯಕ್ಕೆ ತಿರುಗಾಡುತ್ತಿದ್ದ ವರ್ಷ. ಬಹರೈನಿನ ರಾಜಧಾನಿ ಮನಾಮದ ಕನ್ನಡಿಗರು ಕೂಡ ಎರಡು ಪಾಲಾಗಿದ್ದರು. ಓಹಾಯೋ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸಲು ಬಾರದವರೂ ಅಲ್ಲಿ ಯಾರು ಗೆಲ್ಲುತ್ತಾರೆಂದು ಶುಕ್ರವಾರದ ಊಟದಲ್ಲಿ ಜಗಳಾಡುತ್ತಿದ್ದರು. ಇಂಥ ಹೊತ್ತಿನಲ್ಲಿ ಕೂಟದ ಮಹಾಸಭೆಗೆ ಯಶವಂತ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಬೆಂಗಳೂರಿನ ಹುಡುಗ, ನಾಲ್ಕು ವರ್ಷ ಶಿಕಾಗೋದಲ್ಲಿ ಇದ್ದು ಇಲ್ಲಿಯ ಬ್ಯಾಂಕೊಂದರ ಐಟಿ ವಿಭಾಗಕ್ಕೆ ಬಂದವನು. ಮಾತು ಮೆತ್ತಗೆ, ಆದರೆ ಹಿಡಿದದ್ದನ್ನು ಬಿಡುವ ಜಾತಿಯಲ್ಲ.

"ಸರ್, ನಮ್ಮ ಪ್ರೆಸಿಡೆಂಟನ್ನು ಆರು ಜನ ಪಾಯಸ ಕುಡಿದು ಡಿಸೈಡ್ ಮಾಡೋದು ಟ್ರಾನ್ಸ್‌ಪರೆಂಟ್ ಅಲ್ಲ," ಎಂದು ಅವನು ಗೋಡೆಯ ಮೇಲೆ ಚಿತ್ರ ಮೂಡಿಸಿದ. "ಅಮೆರಿಕದ ಥರ ನಾವೂ ಪ್ರೈಮರಿ ಮಾಡೋಣ. ಗುಫೂಲ್ ಒಂದು ಸ್ಟೇಟ್, ಅದ್ಲಿಯಾ ಒಂದು ಸ್ಟೇಟ್, ಸಲ್ಮಾಬಾದ್ ಒಂದು ಸ್ಟೇಟ್ ಅಂದ್ಕೊಳ್ಳಿ. ಒಂದೊಂದು ಏರಿಯಾದಲ್ಲೂ ಮೆಂಬರ್‌ಗಳು ಓಟ್ ಹಾಕ್ತಾರೆ. ಯಾರಿಗೆ ಎಷ್ಟು ಓಟೋ ಅದರ ಪ್ರಕಾರ ಡೆಲಿಗೇಟ್‌ಗಳು. ಆ ಡೆಲಿಗೇಟ್‌ಗಳು ಕನ್ವೆನ್ಷನ್‌ನಲ್ಲಿ ಸೇರಿ ಕ್ಯಾಂಡಿಡೇಟನ್ನು ಆರಿಸ್ತಾರೆ."

"ಹಾಗೆ ಗೆದ್ದ ಕ್ಯಾಂಡಿಡೇಟ್ ಆಮೇಲೆ ಯಾರ ಎದುರು ನಿಲ್ಲುದು?" ಎಂದು ಶ್ಯಾಮಸುಂದರ ಕೇಳಿದರು.

ಯಶವಂತ ಒಂದು ಗಳಿಗೆ ಗೋಡೆ ನೋಡಿದ. ಕೂಟದಲ್ಲಿ ಇನ್ನೊಂದು ಪಕ್ಷ ಇರಲಿಲ್ಲ. "ಅದು ಫೇಸ್ ಟೂ ಸರ್, ಎರಡನೇ ಹಂತ," ಎಂದ.

ಮಾಜಿ ಅಧ್ಯಕ್ಷರು ಮುಖ ಊದಿಸಿಕೊಂಡರು. ತಮ್ಮ ಪಾಯಸಕ್ಕೆ ಕಲ್ಲು ಬೀಳುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು. ಆದರೆ ಯಶವಂತ ಬುದ್ಧಿವಂತ. ಮಾಜಿಗಳಿಗೆ ಪ್ರೈಮರಿಯ ರಗಳೆಯೇ ಇಲ್ಲ, ಅವರು ನೇರವಾಗಿ ಕನ್ವೆನ್ಷನ್ನಿಗೆ ಬಂದು ತಮಗೆ ಬೇಕಾದವರಿಗೆ ಓಟು ಹಾಕಬಹುದು, ಅಮೆರಿಕದಲ್ಲಿ ಅಂಥವರಿಗೆ ಸೂಪರ್ ಡೆಲಿಗೇಟ್ ಎಂದು ಹೆಸರು, ಎಂದ. ಸೂಪರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಾಜಿಗಳೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು. ಒಬ್ಬರಂತೂ ಅದನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಬಹುದೋ ಎಂದು ಕೇಳಿದರು.

ವೆಂಕಟಸುಬ್ಬಯ್ಯನವರ ಎದೆ ಮಾತ್ರ ಧಸಕ್ಕೆಂದಿತು. ಇಷ್ಟು ವರ್ಷ ಕಾದು, ಸರದಿ ಬಾಗಿಲ ತನಕ ಬಂದಾಗ ಈ ಪೋಕರಿ ಬಾಗಿಲನ್ನೇ ಕಿತ್ತು ಬೇರೆ ಕಡೆ ಇಡುತ್ತಿದ್ದಾನೆ. ಶ್ಯಾಮಸುಂದರ ಇವರ ಕಡೆ ತಿರುಗಿ, "ಭಟ್ರೇ, ನೀವೆಂತ ಹೇಳ್ತೀರಿ?" ಎಂದು ಕಣ್ಣಲ್ಲೇ ಬೇಡಿಕೊಂಡರು. ಒಂದು ಮಾತು ಸಾಕಿತ್ತು. ಈ ವರ್ಷ ಬೇಡ, ಮುಂದಿನ ವರ್ಷ ನೋಡುವ, ಎಂದಿದ್ದರೆ ಎಲ್ಲರೂ ಹೂಂ ಅನ್ನುತ್ತಿದ್ದರು. ಆದರೆ ಹುಡುಗ ಅಷ್ಟು ಕಷ್ಟಪಟ್ಟು ಬಣ್ಣಬಣ್ಣದ ಚಿತ್ರ ಮಾಡಿಕೊಂಡು ಬಂದಿದ್ದಾನೆ, ಮುಖದ ಮೇಲೆ ಬೇಡ ಅನ್ನುವುದು ಹೇಗೆ? "ಯುವಕರು ಮುಂದೆ ಬರ್ಬೇಕು. ಆಗಬಹುದು," ಎಂದರು ವೆಂಕಟಸುಬ್ಬಯ್ಯನವರು. ಹೀಗೆ ತನ್ನ ಕುತ್ತಿಗೆಯ ಹಗ್ಗಕ್ಕೆ ತಾನೇ ಅನುಮೋದನೆ ಕೊಟ್ಟರು.

"ಥ್ಯಾಂಕ್ಯೂ ಸರ್. ಈಗ ಕ್ಯಾಂಡಿಡೇಟ್ಸ್. ಯಾರಿಗೆ ಇಂಟರೆಸ್ಟ್ ಇದೆಯೋ ಕೈ ಎತ್ತಿ," ಎಂದ ಯಶವಂತ.

ಸಭೆಯಲ್ಲಿ ಒಂದು ಕೈಯೂ ಏಳಲಿಲ್ಲ. ಕೆಲವರು ಎಸಿಯ ಕಿಂಡಿ ನೋಡಿದರು, ಕೆಲವರು ತಮ್ಮ ಚಪ್ಪಲಿ ನೋಡಿಕೊಂಡರು. ನನಗೆ ಅಧ್ಯಕ್ಷನಾಗಬೇಕು ಎಂದು ನಾಲ್ಕು ಜನರ ಎದುರು ಕೈ ಎತ್ತುವುದೆಂದರೆ ಏನು, ಮಾನ ಮರ್ಯಾದೆ ಬೇಡವೇ? ಆಗ ವೆಂಕಟಸುಬ್ಬಯ್ಯನವರ ಪಕ್ಕದಲ್ಲಿ ಕೂತಿದ್ದ ಎರಿಕ್ ಸಲ್ಡಾನ ತಟ್ಟನೆ ಅವರ ಮಣಿಕಟ್ಟು ಹಿಡಿದು ಕೈ ಮೇಲೆತ್ತಿಬಿಟ್ಟರು. "ನಮ್ಮ ಭಟ್ರು ಇದ್ದಾರಲ್ಲ, ಮತ್ತೆ ಯಾರು ಬೇಕು?"

ಎರಿಕ್ ಅದ್ಲಿಯಾದ ಒಂದು ರೆಸ್ಟೋರೆಂಟಿನ ಮ್ಯಾನೇಜರ್, ಕಿನ್ನಿಗೋಳಿಯ ಕಡೆಯ ಕ್ರಿಶ್ಚಿಯನ್ನರು, ಹಾಗಾಗಿ ಊರಿನ ರೂಢಿಯಂತೆ ಎಲ್ಲರಿಗೂ ಪೊರ್ಬುಗಳು, ದೊಡ್ಡ ಗಂಟಲು, ದೊಡ್ಡ ಕೈ. ವೆಂಕಟಸುಬ್ಬಯ್ಯನವರಿಗೆ ಕಣ್ಣು ತುಂಬಿ ಬಂತು. ಇಂಥ ಉಪಕಾರಕ್ಕೆ ಪ್ರತಿಯಾಗಿ ಸುಮ್ಮನೆ ಕೂತರೆ ಮನುಷ್ಯ ಎನ್ನುತ್ತಾರೆಯೇ? ಕೈ ತಾನಾಗಿ ಹೋಗಿ ಎರಿಕ್‌ನ ಮಣಿಕಟ್ಟು ಹಿಡಿಯಿತು. "ಹಾಗಾದರೆ ನಮ್ಮ ಪೊರ್ಬುಗಳೂ ನಿಲ್ಲಬೇಕು," ಎಂದು ಅವರೂ ಎತ್ತಿದರು.

ಯಶವಂತ ಇಬ್ಬರ ಹೆಸರನ್ನೂ ಬರೆದುಕೊಂಡ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆಯೇ ತಾನು ತನ್ನ ಎದುರಾಳಿಯನ್ನು ಸ್ವಂತ ಕೈಯಿಂದ ಎಬ್ಬಿಸಿ ನಿಲ್ಲಿಸಿದೆ ಎಂದು ವೆಂಕಟಸುಬ್ಬಯ್ಯನವರಿಗೆ ಹೊಳೆದದ್ದು. ಮನೆಗೆ ಬರುವಾಗ ಕಾರಿನಲ್ಲಿ ರಾಜೀವಿ ಕೇಳಿದರು, "ಅವರ ಕೈ ಎಂತಕ್ಕೆ ಎತ್ತಿದ್ದು ನೀವು?"

"ಅವರು ನನ್ನದು ಎತ್ತಿದ್ರಲ್ಲ."

"ಅವರು ನಿಮ್ಮದು ಎತ್ತಿದ್ದು ನೀವು ಗೆಲ್ಲಲಿ ಅಂತ."

"ನಿನಗೆ ಇದೆಲ್ಲ ಅರ್ಥ ಆಗುದಿಲ್ಲ," ಎಂದರು ವೆಂಕಟಸುಬ್ಬಯ್ಯನವರು. ಅರ್ಥ ಆಗದ್ದು ಯಾರಿಗೆಂದು ಅವರಿಗೇ ಖಾತ್ರಿ ಇರಲಿಲ್ಲ.

ಪ್ರಚಾರ ಶುರುವಾಯಿತು. ಎರಿಕ್ ತನ್ನ ರೆಸ್ಟೋರೆಂಟಿನಲ್ಲಿ ಶುಕ್ರವಾರ ಸಂಜೆ ಬಂದ ಕನ್ನಡಿಗರಿಗೆಲ್ಲ ಗೋಳಿಬಜೆ ಮಾಡಿಸಿ ಕೊಟ್ಟರು. ಓಟು ಎಂಬ ಮಾತನ್ನು ಅವರೂ ಆಡಲಿಲ್ಲ, ಆದರೆ ಗೋಳಿಬಜೆಗೆ ಬಾಯಿ ಬೇಕಾಗಿಲ್ಲವಲ್ಲ. ವೆಂಕಟಸುಬ್ಬಯ್ಯನವರು ಮನೆ ಮನೆಗೆ ಹೋದರು. ಸೋಫಾದಲ್ಲಿ ಕೂತು ಮಕ್ಕಳ ಓದು, ಊರಿನ ಮಳೆ, ವೀಸಾದ ಹೊಸ ಕಾನೂನು, ಕೋಲ್ಡ್ ಸ್ಟೋರಿನಲ್ಲಿ ತೊಂಡೆಕಾಯಿಯ ಬೆಲೆ, ಎಲ್ಲ ಮಾತಾಡಿ, ಚಾ ಕುಡಿದು, ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, "ಮತ್ತೆ... ನಿಮಗೆ ಗೊತ್ತುಂಟಲ್ಲ," ಎಂದು ಲಿಫ್ಟಿನೊಳಗೆ ಹೋಗಿಬಿಡುತ್ತಿದ್ದರು. ಮನೆಯವರು ಬಾಗಿಲು ಹಾಕಿಕೊಂಡು, ಎಂತ ಗೊತ್ತುಂಟು ನಮಗೆ, ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

"ಓಟು ಕೇಳಿದ್ರಾ?" ಎಂದು ರಾಜೀವಿ ಪ್ರತಿ ಸಲ ಕೇಳುವರು.

"ಅವರಿಗೆ ಅರ್ಥ ಆಗ್ತದೆ. ಎಲ್ಲ ಬಿಡಿಸಿ ಹೇಳ್ಲಿಕ್ಕೆ ಆಗ್ತದಾ?"

"ಲ್ಯಾಬಿಗೆ ಬಂದವರ ಹತ್ತಿರ ನಾನು ಊರಿನ ಮಳೆ ಮಾತಾಡಿದರೆ ಅವರು ಬಾಟಲಿ ತುಂಬಿಸಿ ಕೊಡ್ತಾರಾ? ಮೂತ್ರ ಬೇಕಾದರೆ ಮೂತ್ರ ಅಂತಲೇ ಕೇಳ್ಬೇಕು."

"ಥೂ, ನಿನ್ನ ಬಾಯಿಯೇ," ಎಂದು ವೆಂಕಟಸುಬ್ಬಯ್ಯನವರು ಟಿವಿಯ ಕಡೆ ತಿರುಗಿದರು. ಅಲ್ಲಿ ಅಮೆರಿಕದ ಇಬ್ಬರೂ ಜನರ ಕೈ ಕುಲುಕಿ ಕುಲುಕಿ, ನನಗೆ ಓಟು ಕೊಡಿ, ನಾನೇ ತಕ್ಕವ, ನಾನೇ ತಕ್ಕವಳು ಎಂದು ಸ್ವಲ್ಪವೂ ಸಂಕೋಚ ಇಲ್ಲದೆ ಹೇಳುತ್ತಿದ್ದರು. ಎಷ್ಟು ಓದಿದರೇನು, ಮನೆಯಲ್ಲಿ ಹಿರಿಯರು ಹೇಳಿಕೊಟ್ಟಿಲ್ಲ ಪಾಪ, ಎಂದು ಅವರಿಗೆ ಅನಿಸಿತು.

ಗುಫೂಲಿನ ಪ್ರೈಮರಿ ಅವರ ಕಟ್ಟಡದ ಮೇಲಂತಸ್ತಿನ ಪಾರ್ಟಿ ಹಾಲಿನಲ್ಲೇ ನಡೆಯಿತು. ಅಭ್ಯರ್ಥಿಗಳು ಎರಡೆರಡು ನಿಮಿಷ, ತಾನೇ ಯಾಕೆ ಅಧ್ಯಕ್ಷನಾಗಬೇಕು ಎಂದು ಹೇಳತಕ್ಕದ್ದು, ಎಂದು ಯಶವಂತನ ನಿಯಮ. ವೆಂಕಟಸುಬ್ಬಯ್ಯನವರು ಮೈಕ್ ಹಿಡಿದು ಎರಿಕ್‌ನ ಕಂಠವನ್ನು, ಎರಿಕ್‌ನ ಕೈಯ ರುಚಿಯನ್ನು, ಕಷ್ಟಕ್ಕೆ ಆಗುವ ಎರಿಕ್‌ನ ಗುಣವನ್ನು ಹೊಗಳಿ ಮುಗಿಸುವಷ್ಟರಲ್ಲಿ ಎರಡು ನಿಮಿಷ ಆಯಿತು. ಎರಿಕ್ ಎದ್ದು ನಿಂತು, ಭಟ್ರ ಲೆಕ್ಕದಲ್ಲಿ ಒಂದು ಫಿಲ್ಸ್ ಕಾಸು ಆಚೀಚೆ ಆದದ್ದನ್ನು ಈ ದ್ವೀಪದಲ್ಲಿ ಕಂಡವರಿಲ್ಲ, ಇಂಥವರು ಇರುವಾಗ ನಾನೆಲ್ಲಿಯ ಅಧ್ಯಕ್ಷ, ಎಂದು ಕೂತರು. ಜನ ಗಾಬರಿಯಾದರು. ಎರಿಕ್ ಭಟ್ಟರ ಪರ ಮಾತಾಡಿದ್ದರಿಂದ ಭಟ್ಟರಿಗೆ ಹಾಕುವುದೋ, ಭಟ್ಟರು ಎರಿಕ್‌ನ ಪರ ಮಾತಾಡಿದ್ದರಿಂದ ಎರಿಕ್‌ಗೆ ಹಾಕುವುದೋ? ಕಡೆಗೆ ಎರಿಕ್‌ನ ಮಾತು ಹೆಚ್ಚು ಚೆನ್ನಾಗಿತ್ತು ಎಂಬ ಕಾರಣಕ್ಕೆ ಹೆಚ್ಚಿನವರು ಭಟ್ಟರಿಗೆ ಓಟು ಹಾಕಿದರು.

ಗುಫೂಲಿನಿಂದ ಕನ್ವೆನ್ಷನ್ನಿಗೆ ಹೋಗುವ ಡೆಲಿಗೇಟ್‌ಗಳು ಯಾರು ಎಂದಾಗ ಗಂಡಸರು ಒಬ್ಬೊಬ್ಬರಾಗಿ ರಜೆ, ಡ್ಯೂಟಿ, ಏರ್‌ಪೋರ್ಟಿಗೆ ಹೋಗಲಿಕ್ಕುಂಟು ಎಂದು ಜಾರಿಕೊಂಡರು. ಉಳಿದವರಲ್ಲಿ ರಾಜೀವಿ ಒಬ್ಬರು. "ಒಳ್ಳೇದಾಯ್ತು, ಮೇಡಂ ಓಟ್ ಎಲ್ಲೂ ಹೋಗಲ್ಲ," ಎಂದು ಯಶವಂತ ನಕ್ಕ. ಡೆಲಿಗೇಟ್ ಆದವರು ತಮ್ಮ ಏರಿಯಾ ಹೇಳಿದವರಿಗೇ ಓಟು ಹಾಕಬೇಕು, ಸ್ವಂತ ಬುದ್ಧಿ ಉಪಯೋಗಿಸುವಂತಿಲ್ಲ ಎಂದು ಅವನು ವಿವರಿಸಿದಾಗ ರಾಜೀವಿ, "ಅದು ಅಭ್ಯಾಸ ಉಂಟು ನಮಗೆ," ಎಂದರು. ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ವೆಂಕಟಸುಬ್ಬಯ್ಯನವರೂ, ಎಲ್ಲರೂ ನಗುತ್ತಿದ್ದಾರಲ್ಲ ಎಂದು ನಕ್ಕರು.

ಅದ್ಲಿಯಾ ಗೋಳಿಬಜೆಯ ಋಣ ತೀರಿಸಿ ಎರಿಕ್‌ನ ಕಡೆ ಹೋಯಿತು. ತಕರಾರು ಎದ್ದದ್ದು ಸಲ್ಮಾಬಾದಿನದು. ಅಲ್ಲಿಯ ಗ್ಯಾರೇಜು, ವರ್ಕ್‌ಶಾಪುಗಳ ಹುಡುಗರಿಗೆಲ್ಲ ಮುಂದಾಳು ಫೋರ್ಮನ್ ಅಬ್ದುಲ್ ಅಜೀಜ್. ಗೊತ್ತುಮಾಡಿದ ಶುಕ್ರವಾರ ಓವರ್‌ಟೈಮ್ ಇದೆ ಎಂದು ಅವರು ಒಂದು ವಾರ ಮೊದಲೇ ಹುಡುಗರನ್ನು ಸೇರಿಸಿ ಓಟು ಹಾಕಿಸಿಬಿಟ್ಟಿದ್ದರು. ಬಹುಪಾಲು ಓಟು ವೆಂಕಟಸುಬ್ಬಯ್ಯನವರಿಗೆ ಬಂದಿತ್ತು. ಯಾಕೆಂದು ಕೇಳಿದರೆ ಅಜೀಜರ ಉತ್ತರ ಸರಳ, "ಎರಿಕ್ ಸಾರ್ ಬಂದವರು ಬಿರಿಯಾನಿ ಕೊಟ್ಟು ಹೋದರು. ಭಟ್ರು ಕೂತು ನಮ್ಮ ಸುಲೈಮಾನಿ ಚಾ ಕುಡಿದರು. ಹುಡುಗರು ಮೂರು ಸಲ ತಂದರೂ ಮೂರು ಸಲವೂ ಕುಡಿದರು." ಬೇಡ ಎನ್ನಲಾಗದೆ ಕುಡಿದ ಆ ಮೂರನೇ ಗ್ಲಾಸಿನಿಂದ ಭಟ್ಟರಿಗೆ ಅಂದು ನಿದ್ದೆ ಬಂದಿರಲಿಲ್ಲ ಎಂಬುದು ಬೇರೆ ಮಾತು.

ಯಶವಂತ ಒಪ್ಪಲಿಲ್ಲ. ಅಮೆರಿಕದಲ್ಲಿಯೂ ಈ ಸಲ ಎರಡು ರಾಜ್ಯದವರು ಗಡುವಿಗೆ ಮೊದಲೇ ಪ್ರೈಮರಿ ಮಾಡಿ ಪೇಚಿಗೆ ಸಿಕ್ಕಿದ್ದಾರೆ, ಅವರ ಡೆಲಿಗೇಟ್‌ಗಳಿಗೆ ತಲೆಗೆ ಅರ್ಧ ಓಟು ಎಂದು ಪಕ್ಷ ತೀರ್ಮಾನಿಸಿದೆ, ನಮ್ಮಲ್ಲೂ ಅದೇ, ಎಂದ.

"ಅರ್ಧ ಅಂದರೆ ಹೇಗೆ ಸಾರ್? ನಾವು ಬಂದರೆ ಅರ್ಧ ಕುರ್ಚಿಯಾ?" ಎಂದು ಅಜೀಜ್ ಕೇಳಿದರು.

"ಓಟು ಅರ್ಧ, ಊಟ ಪೂರ್ತಿ," ಎಂದು ಎರಿಕ್ ಸಮಾಧಾನ ಮಾಡಿದರು. ಸದಸ್ಯತ್ವದ ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡಿದ್ದೀರಲ್ಲ ಎಂದು ಅಜೀಜರಿಗೆ ನಾಲಿಗೆಯ ತುದಿವರೆಗೆ ಬಂದಿತ್ತು, ಆದರೆ ಅವರೂ ಕರಾವಳಿಯವರೇ, ನುಂಗಿಕೊಂಡರು.

ಇನ್ನು ಉಳಿದದ್ದು ಸೂಪರ್ ಡೆಲಿಗೇಟ್‌ಗಳು. ವೆಂಕಟಸುಬ್ಬಯ್ಯನವರು ಒಬ್ಬೊಬ್ಬ ಮಾಜಿ ಅಧ್ಯಕ್ಷರ ಮನೆಗೂ ಹೋದರು. ಒಬ್ಬೊಬ್ಬರೂ ಬೆನ್ನು ತಟ್ಟಿ, "ನಾವಿಲ್ಲವಾ ಭಟ್ರೇ?" ಎಂದರು. ಅದೇ ಸೋಫಾದಲ್ಲಿ ಹಿಂದಿನ ದಿನ ಕೂತಿದ್ದ ಎರಿಕ್‌ಗೂ "ನಾವಿಲ್ಲವಾ ಪೊರ್ಬುಗಳೇ?" ಎಂದೇ ಹೇಳಿದ್ದರು. ಅದು ಮೋಸವಲ್ಲ, ಮನೆಗೆ ಬಂದವರನ್ನು ಬೇಸರದಲ್ಲಿ ಕಳಿಸಬಾರದು ಎಂಬ ಸದ್ಗುಣ. ಅಮೆರಿಕದ ಪದ್ಧತಿಯನ್ನು ಮಾಡಿದವರು ಈ ಸದ್ಗುಣಕ್ಕೆ ಲೆಕ್ಕದಲ್ಲಿ ಜಾಗ ಬಿಟ್ಟಿರಲಿಲ್ಲ.

ಜೂನ್ ತಿಂಗಳ ಒಂದು ಶುಕ್ರವಾರ ಎರಿಕ್‌ನ ರೆಸ್ಟೋರೆಂಟಿನ ಮಹಡಿಯಲ್ಲಿ ಕನ್ವೆನ್ಷನ್ ಸೇರಿತು. ಹೊರಗೆ ಬಿಸಿಲು ಕಾರಿನ ಹಿಡಿ ಮುಟ್ಟಗೊಡುತ್ತಿರಲಿಲ್ಲ. ಒಳಗೆ ಎಸಿ ಜೋರಾಗಿತ್ತು, ಆದರೂ ವೆಂಕಟಸುಬ್ಬಯ್ಯನವರ ಜುಬ್ಬಾದ ಬೆನ್ನು ಒದ್ದೆಯಾಗಿತ್ತು. ಪಂಚೆಗೆ ಇಸ್ತ್ರಿ ರಾಜೀವಿಯೇ ಮಾಡಿದ್ದರು. ಯಶವಂತ ಏರಿಯಾದ ಹೆಸರು ಕೂಗುವುದು, ಡೆಲಿಗೇಟ್‌ಗಳು ಎದ್ದು ನಿಂತು ತಮ್ಮ ಓಟು ಹೇಳುವುದು. "ಗುಫೂಲ್?" ಎಂದಾಗ ರಾಜೀವಿ ಎದ್ದು ಗಂಡನ ಹೆಸರು ಹೇಳುವುದಿಲ್ಲವೆಂಬ ಹಳೆಯ ರೂಢಿಯನ್ನೂ ಮರೆತು, "ವೆಂಕಟಸುಬ್ಬಯ್ಯ," ಎಂದು ಸ್ಪಷ್ಟವಾಗಿ ಹೇಳಿ ಕೂತರು. ಅದ್ಲಿಯಾ ಎರಿಕ್‌ಗೆ ಹೋಯಿತು. ಮಾಜಿಗಳು ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಳ್ಳಲು ತಮ್ಮತಮ್ಮಲ್ಲೇ ಗುಸುಗುಸು ಮಾಡಿ ಸರಿಯಾಗಿ ಅರ್ಧರ್ಧ ಹಂಚಿಕೊಂಡಿದ್ದರು. ಕೊನೆಗೆ ಸಲ್ಮಾಬಾದಿನ ಅರ್ಧರ್ಧ ಓಟುಗಳೆಲ್ಲ ಸೇರಿ ಮುಗಿದಾಗ ಯಶವಂತ ಪರದೆ ನೋಡಿ, ಇನ್ನೊಮ್ಮೆ ಕೂಡಿಸಿ ನೋಡಿ, "ಅರ್ಧ ಓಟಿನಿಂದ ವೆಂಕಟಸುಬ್ಬಯ್ಯ ಸರ್ ಗೆದ್ದಿದ್ದಾರೆ," ಎಂದ.

ಆ ಗಳಿಗೆಯ ಸಂತೋಷವನ್ನು ಏನೆಂದು ಹೇಳುವುದು! ವೆಂಕಟಸುಬ್ಬಯ್ಯನವರು ಪಂಚೆಯ ನೆರಿಗೆ ಸರಿಮಾಡಿಕೊಂಡರು. ಪಾಯಸದ ಮನೆಯಲ್ಲಿ ಮಾಡಿದ ಅಧ್ಯಕ್ಷರಲ್ಲ ಈಗ, ಗ್ಯಾರೇಜಿನ ಹುಡುಗರು, ಗುಫೂಲಿನ ಹೆಂಗಸರು ಎಲ್ಲರೂ ಸೇರಿ ತಾನೇ ಬೇಕು ಎಂದಿದ್ದಾರೆ. ಇದು ಸರದಿಗಿಂತ ಎಷ್ಟೋ ಮೇಲು. ಯಶವಂತನನ್ನು ಅಪ್ಪಿಕೊಳ್ಳಬೇಕು ಅನಿಸಿತು. ಅವರು ಎದ್ದು ಮೈಕಿನ ಹತ್ತಿರ ಹೋದರು.

"ಸರ್, ಕನ್ವೆನ್ಷನ್ ನಿಮ್ಮನ್ನು ನಾಮಿನೇಟ್ ಮಾಡಿದೆ. ನೀವು ಅಕ್ಸೆಪ್ಟ್ ಮಾಡ್ತೀರಾ?"

"ಛೆ ಛೆ," ಎಂದರು ವೆಂಕಟಸುಬ್ಬಯ್ಯನವರು. "ನನ್ನಿಂದೆಂತ ಆಗ್ತದೆ? ಅಷ್ಟು ದೊಡ್ಡ ಜವಾಬ್ದಾರಿ ಹೊರುವ ಯೋಗ್ಯತೆ ನನಗಿಲ್ಲ. ನಮ್ಮ ಪೊರ್ಬುಗಳು ಇದ್ದಾರೆ, ಅವರನ್ನು ಮಾಡಿ. ನನಗೆ ಬೇಡ."

ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಹೋಳಿಗೆ ಎರಡನೇ ಸಲ ಬಂದಾಗ ಉಣ್ಣುವವನು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಬಡಿಸುವವನು ಆ ಕೈಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಸಂದಿಯಲ್ಲಿ ಬಡಿಸುತ್ತಾನೆ. ಹೋಳಿಗೆ ಬೇಡದವನು ಹಿಡಿಯುವ ಕೈಯೇ ಬೇರೆ, ಅದು ಬಡಿಸುವವನಿಗೆ ಗೊತ್ತಿರುತ್ತದೆ. ವೆಂಕಟಸುಬ್ಬಯ್ಯನವರು ಅದೇ ರೀತಿ ಕೈ ಹಿಡಿದು, ಸಂದಿ ಬಿಟ್ಟು, ತಲೆ ತಗ್ಗಿಸಿ ನಿಂತರು. ಇನ್ನೊಮ್ಮೆ ಕೇಳುತ್ತಾರೆ. ಆಗಲೂ ಬೇಡ ಅನ್ನುವುದು, ಸ್ವಲ್ಪ ಮೆಲ್ಲಗೆ. ಮೂರನೇ ಸಲಕ್ಕೆ, ನೀವೆಲ್ಲ ಇಷ್ಟು ಒತ್ತಾಯ ಮಾಡುವಾಗ, ಎನ್ನುವುದು. ಮಾತನ್ನು ಅವರು ಮನಸ್ಸಿನಲ್ಲಿ ಜೋಡಿಸಿಕೊಂಡೂ ಆಗಿತ್ತು.

ಶಿಕಾಗೋದಲ್ಲಿ ಇದ್ದು ಬಂದ ಹುಡುಗ ಹೋಳಿಗೆಯ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡ. "ಓಕೆ ಸರ್. ನಿಮ್ಮ ಡಿಸಿಷನ್ ರೆಸ್ಪೆಕ್ಟ್ ಮಾಡ್ತೀವಿ," ಎಂದು ಲ್ಯಾಪ್‌ಟಾಪಿನಲ್ಲಿ ಟಕಟಕ ಕುಟ್ಟಿದ. ಗೋಡೆಯ ಮೇಲೆ ವೆಂಕಟಸುಬ್ಬಯ್ಯನವರ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು.

ಇನ್ನೊಮ್ಮೆ ಕೇಳು ಮಾರಾಯ, ಎಂದು ಹಿಂದಿನ ಸಾಲಿನ ಅಜೀಜರು ಗೊಣಗಿದ್ದು ಮುಂದಕ್ಕೆ ತಲುಪಲಿಲ್ಲ. ಕೇಳಬೇಕಾದದ್ದು ಮೈಕ್ ಹಿಡಿದವನ ಕೆಲಸ ಎಂದು ಉಳಿದವರು ಸುಮ್ಮನಿದ್ದರು. ವೆಂಕಟಸುಬ್ಬಯ್ಯನವರು ಆ ಕೆಂಪು ಗೆರೆಯನ್ನೇ ನೋಡುತ್ತಿದ್ದರು. ಏನಪ್ಪಾ, ನಾನು ಬೇಡ ಅಂದದ್ದು ಬೇಡ ಅಂತ ಅಲ್ಲ, ಎಂದು ಹೇಳುವುದಕ್ಕೆ ಯಾವ ಭಾಷೆಯಲ್ಲಾದರೂ ಮರ್ಯಾದೆಯ ಮಾತು ಇದೆಯೇ? ಕಣ್ಣಲ್ಲಿ ನೀರು ಬರುವ ಹಾಗಾಯಿತು, ಅದನ್ನು ನೋಡಿದವರು ತ್ಯಾಗದ ಕಣ್ಣೀರು ಎಂದುಕೊಂಡರು.

"ಎರಿಕ್ ಸರ್, ನೆಕ್ಸ್ಟ್ ನೀವು. ಅಕ್ಸೆಪ್ಟ್ ಮಾಡ್ತೀರಾ?"

ಎರಿಕ್ ಎದ್ದು ನಿಂತರು. ಅವರ ಮುಖ ನೋಡಿದರೆ ಅವರಿಗೂ ಬೇಕಿತ್ತು ಎಂದೇ ಕಾಣುತ್ತಿತ್ತು.

"ಭಟ್ರು ಬಿಟ್ಟುಕೊಟ್ಟದ್ದನ್ನು ನಾನು ಎತ್ತಿಕೊಳ್ಳುದಾ?" ಎಂದರು. "ನಾಳೆ ನಾನು ಅವರ ಮುಖ ನೋಡುದು ಬೇಡವಾ? ಸಾಧ್ಯವೇ ಇಲ್ಲ."

ಎರಡನೇ ಕೆಂಪು ಗೆರೆ ಬಿತ್ತು. ಯಶವಂತ ಬೆವರೊರೆಸಿಕೊಂಡ. ಅಮೆರಿಕದಲ್ಲಿ ಗೆದ್ದವರೂ ಸೋತವರೂ ಇಬ್ಬರೂ ಬೇಡ ಎಂದದ್ದನ್ನು ಅವನು ಎಲ್ಲೂ ಓದಿರಲಿಲ್ಲ. ಸ್ವಲ್ಪ ಹೊತ್ತು ತಡಕಾಡಿ, ಈಗ ಓಪನ್ ಕನ್ವೆನ್ಷನ್, ಡೆಲಿಗೇಟ್‌ಗಳು ಇನ್ನು ಯಾರಿಗೂ ಕಟ್ಟುಬಿದ್ದವರಲ್ಲ, ಡೆಲಿಗೇಟ್‌ಗಳ ಪೈಕಿ ಯಾರ ಹೆಸರನ್ನಾದರೂ ಹೇಳಬಹುದು, ಎಂದ.

ಶ್ಯಾಮಸುಂದರ ಮೂವತ್ತು ವರ್ಷ ಗಲ್ಫಿನಲ್ಲಿ ಮಾಲು ಮಾರಿದವರು, ಮುರಿದದ್ದನ್ನು ಜೋಡಿಸುವುದು ಅವರಿಗೆ ಗೊತ್ತು. ಅವರು ವೆಂಕಟಸುಬ್ಬಯ್ಯನವರ ಕಡೆ ನೋಡಿ, ಹುಬ್ಬು ಹಾರಿಸಿ, ಗಂಟಲು ಸರಿಮಾಡಿಕೊಂಡರು. "ಹಾಗಾದರೆ ನಾನು ನಮ್ಮ ರಾಜೀವಕ್ಕನ ಹೆಸರು ಹೇಳ್ತೇನೆ. ಎಂತ ರಾಜೀವಕ್ಕ, ನೀವಾದರೂ ಒಪ್ಪಿಕೊಳ್ತೀರಾ, ಅಥವಾ ಇದಕ್ಕೆ ಬೇರೆ ಯಾರಾದರೂ ಸರಿ ಅಂತ ನೀವೇ ಹೇಳ್ತೀರಾ?"

ಸಭೆಗೆ ಉಸಿರು ಬಂತು. ಎಂಥ ತಲೆ! ರಾಜೀವಕ್ಕ ಈಗ, ಅಯ್ಯೋ ನಾನೆಂತಕ್ಕೆ, ನಮ್ಮ ಯಜಮಾನರನ್ನೇ ಒಪ್ಪಿಸುವ, ಎನ್ನುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಭಟ್ಟರು ಹೆಂಡತಿಯ ಮಾತಿಗೆ ಕಟ್ಟುಬಿದ್ದು ತಲೆಯಾಡಿಸುವುದು, ಆಮೇಲೆ ಕೆಳಗೆ ಊಟ. ವೆಂಕಟಸುಬ್ಬಯ್ಯನವರ ಎದೆ ಹಗುರಾಯಿತು. ದೇವರು ದೊಡ್ಡವನು, ಶ್ಯಾಮಸುಂದರ ಅವನಿಗಿಂತ ಸ್ವಲ್ಪ ಮಾತ್ರ ಸಣ್ಣವರು. ಅವರು ಹೆಂಡತಿಯ ಕಡೆ ನೋಡಿ ಮುಗುಳ್ನಕ್ಕರು.

ರಾಜೀವಿ ಎದ್ದು ನಿಂತರು. ಸೆರಗು ಸರಿಮಾಡಿಕೊಳ್ಳಲೂ ಇಲ್ಲ, ಗಂಡನ ಕಡೆ ನೋಡಲೂ ಇಲ್ಲ.

"ಆಯ್ತು," ಎಂದರು. "ಮಾಡ್ತೇನೆ."

ಯಶವಂತ ಕುಟ್ಟಿದ. ಈ ಸಲ ಗೋಡೆಯ ಮೇಲೆ ಹಸಿರು ಬಂತು.

ಮೊದಲು ಚಪ್ಪಾಳೆ ತಟ್ಟಿದವರು ಎರಿಕ್‌ನ ಹೆಂಡತಿ ರೋಜಿ. ಆಮೇಲೆ ಹೆಂಗಸರೆಲ್ಲ ತಟ್ಟಿದರು, ಆಮೇಲೆ ಸಲ್ಮಾಬಾದಿನವರು. ಮಾಜಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ ಹೆಂಗಸು ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೂಂ ಅಂದ ಮೇಲೆ, ಬೇಡ ಎಂದು ಮುಖದ ಮೇಲೆ ಹೇಳುವುದು ಹೇಗೆ? ದಾಕ್ಷಿಣ್ಯಕ್ಕೆ ಅವರೂ ಕೈ ಎತ್ತಿದರು. ಕೂಟದ ಇತಿಹಾಸದಲ್ಲಿ ಮೊದಲ ಪ್ರೈಮರಿಯ ಅಭ್ಯರ್ಥಿ ಹೀಗೆ ಅವಿರೋಧವಾಗಿ ಆಯ್ಕೆಯಾದರು. ಫೇಸ್ ಟೂನಲ್ಲಿ ಎದುರಾಳಿ ಇಲ್ಲದ್ದರಿಂದ ಅಧ್ಯಕ್ಷರೂ ಅಲ್ಲಿಗೇ ಆದರು.

ಊಟದಲ್ಲಿ ಎಲ್ಲರೂ ಬಂದು ವೆಂಕಟಸುಬ್ಬಯ್ಯನವರ ಕೈ ಕುಲುಕಿದರು. ನಿಮ್ಮಂಥ ತ್ಯಾಗಿ ಇಲ್ಲ ಎಂದರು ಒಬ್ಬರು. ಹೆಂಡತಿಯನ್ನು ಮುಂದೆ ತಂದಿರಿ, ಇದಲ್ಲವಾ ನಿಜವಾದ ಪ್ರಗತಿ ಎಂದರು ಇನ್ನೊಬ್ಬರು. ಅವರು ಪ್ರತಿಯೊಬ್ಬರಿಗೂ "ಛೆ ಛೆ" ಎಂದರು. ಈ ಸಲ ಅದು ನಿಜವೇ ಆಗಿತ್ತು.

ಕಾರಿನೊಳಗೆ ಬೆಂಕಿ. ವೆಂಕಟಸುಬ್ಬಯ್ಯನವರು ಎಸಿಯನ್ನು ಪೂರ್ತಿ ತಿರುಗಿಸಿದರು. ಅದ್ಲಿಯಾದ ಸಿಗ್ನಲ್ ದಾಟಿದ ಮೇಲೆ ರಾಜೀವಿ ಕೇಳಿದರು, "ನಿಮಗೆ ಬೇಕಿತ್ತಾ?"

"ಛೆ, ನನಗೆಂತಕ್ಕೆ..." ಎಂದು ಶುರುಮಾಡಿದ ವೆಂಕಟಸುಬ್ಬಯ್ಯನವರು ಅಲ್ಲಿಗೇ ನಿಲ್ಲಿಸಿದರು. "ಬೇಕಿತ್ತು," ಎಂದರು. "ತುಂಬಾ ಬೇಕಿತ್ತು ರಾಜೀವಿ."

"ನನಗೆ ಗೊತ್ತುಂಟು."

"ಗೊತ್ತಿದ್ದೂ ನೀನು..." ಸಿಟ್ಟು, ದುಃಖ ಎರಡೂ ಒಟ್ಟಿಗೆ ಬಂದು ಮಾತು ಮುರಿಯಿತು. "ಒಂದು ಮಾತು ನನ್ನ ಹೆಸರು ಹೇಳಿದ್ದರೆ ಆಗ್ತಿತ್ತು."

"ಆಗ್ತಿತ್ತು," ಎಂದು ರಾಜೀವಿ ಒಪ್ಪಿದರು. "ನನಗೂ ಬೇಕಿತ್ತು. ನೀವು ಕಾರ್ಯದರ್ಶಿ ಆದಾಗಿನಿಂದ ಬೇಕಿತ್ತು. ನಿಮ್ಮ ವರದಿಗಳನ್ನೆಲ್ಲ ಬರೆದದ್ದು ಯಾರು? ಆದರೆ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ, ನೀವು ಸಹ. ಇವತ್ತು ಕೇಳಿದರು. ಸುಮ್ಮನೆ ಕೇಳಿದ್ದು ಅಂತ ನನಗೂ ಗೊತ್ತುಂಟು. ಕೇಳಿದ್ದು ಕೇಳಿದ್ದೇ ಅಲ್ಲವಾ?"

ವೆಂಕಟಸುಬ್ಬಯ್ಯನವರು ಎಷ್ಟೊಂದು ಮನೆಗಳಿಗೆ ಹೋಗಿ ಎಷ್ಟೊಂದು ಸೋಫಾಗಳಲ್ಲಿ ಕೂತಿದ್ದರು, ತಮ್ಮ ಮನೆಯ ಸೋಫಾದಲ್ಲಿ ಕೂತು ಈ ಒಂದು ಪ್ರಶ್ನೆ ಕೇಳಬಹುದು ಎಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಕಾರು ಗುಫೂಲಿನ ತಿರುವಿಗೆ ಬಂತು.

"ಇನ್ನು ಕಮಿಟಿ ಮಾಡ್ಬೇಕು," ಎಂದು ರಾಜೀವಿ ಲ್ಯಾಬಿನಲ್ಲಿ ಮುಂದಿನವರ ಹೆಸರು ಕರೆಯುವ ದನಿಯಲ್ಲಿ ಹೇಳಿದರು. "ಉಪಾಧ್ಯಕ್ಷರು ನೀವು..."

"ಆಗ್ತೇನೆ," ಎಂದರು ವೆಂಕಟಸುಬ್ಬಯ್ಯನವರು, ರಾಜೀವಿ ಕೇಳಿ ಮುಗಿಸುವ ಮೊದಲೇ.